ಮಾವ ಹಾಕಿಸಿದ ಲಗ್ನಪತ್ರಿಕೆ

ನಮ್ಮ ಸೋದರಮಾವನಂಥ ಮದುಮಗ ಹಾಸನ ಜಿಲ್ಲೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಬೇಡ! ಹೆಣ್ಣು ನೋಡದೆ, ಹಸೆಮಣೆ ಏರದೆ, ಲಗ್ನಪತ್ರಿಕೆ ಅಚ್ಚು ಹಾಕಿಸಿ ನಾಲ್ಕು ತಾಲ್ಲೂಕಿನ ನೆಂಟರಿಗೆಲ್ಲ ಹಂಚಿ ಮುಯ್ಯಿ ವಸೂಲು ಮಾಡಿದ ಮಹಾನುಭಾವ ಅವನು. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿದರೆ ಚನ್ನರಾಯಪಟ್ಟಣದ ನಮ್ಮ ಮನೆಗೆ ಬನ್ನಿ, ಪತ್ರಿಕೆಯ ಒಂದು ಪ್ರತಿ ಇನ್ನೂ ಇದೆ. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ, ನೆತ್ತಿಯ ಮೇಲೆ ಗಣಪತಿ ಕೂತಿರುವ, ಯಾವ ಕೊರತೆಯೂ ಇಲ್ಲದ ಪತ್ರಿಕೆ. ವರ, ಚಿ|| ಜೀವಶಾಸ್ತ್ರ. ವಧು, ಚಿ||ಸೌ|| ಕಂಪ್ಯೂಟರ್. ಸ್ಥಳ, ಹೊಳೆನರಸೀಪುರದ ಒಂದು ಕಲ್ಯಾಣ ಮಂಟಪ. ಎಲ್ಲರ ಪತ್ರಿಕೆಯ ಕೊನೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಅಂತ ಇರುತ್ತದಲ್ಲ, ಅಲ್ಲಿ ಮಾವ ‘ಆಶೀರ್ವಾದ ಬೇಕಾದಷ್ಟಿದೆ, ದಯವಿಟ್ಟು ಮುಯ್ಯಿ ತನ್ನಿ’ ಎಂದು ಹಾಕಿಸಿದ್ದ.

ಅವನು ಯಾಕೆ ಹೀಗೆ ಮಾಡಿದ ಅನ್ನುವುದನ್ನು ಹೇಳುವುದಕ್ಕೆ ಮೊದಲು ಅವನು ಎಂಥವನು ಅನ್ನುವುದನ್ನು ಹೇಳಬೇಕು. ಮಾವ ಹೊಳೆನರಸೀಪುರದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಕಟ್ಟಾಯದ ನಮ್ಮ ತಾತನ ಕೊನೆಯ ಮಗ, ನಮ್ಮವ್ವನ ತಮ್ಮ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ತೊಂಬತ್ತರ ದಶಕದಲ್ಲಿ ನಮ್ಮ ನೆಂಟರಿಷ್ಟರಲ್ಲಿ ಅವನಷ್ಟು ಮದುವೆಗಳಿಗೆ ಹೋದವರಿಲ್ಲ, ಅವನಷ್ಟು ಬೈಸಿಕೊಂಡು ಬಂದವರೂ ಇಲ್ಲ. ಧಾರೆಗೆ ಸರಿಯಾಗಿ ಬರುತ್ತಿದ್ದ, ಮುಯ್ಯಿ ಹಾಕುತ್ತಿದ್ದ, ಊಟಕ್ಕೆ ಕೂರುತ್ತಿದ್ದ. ಅಲ್ಲಿಯವರೆಗೆ ಎಲ್ಲ ಸರಿ. ಪಾಯಸ ಬರುವಷ್ಟರಲ್ಲಿ ಶುರುವಾಗುತ್ತಿತ್ತು ನೋಡಿ ಅವನ ವಿಚಾರಣೆ! ಗಂಡಿನ ತಾಯಿಗೂ ಹೆಣ್ಣಿನ ತಂದೆಗೂ ಏನಾಗಬೇಕು? ಅವರ ತಾಯಿ ಯಾವ ಮನೆಯವರು? ಅವರಲ್ಲಿ ಯಾರಿಗಾದರೂ ಕಿವಿ ಕೇಳದೆ ಇರುವುದು, ಕಣ್ಣು ಕಾಣದೆ ಇರುವುದು ಉಂಟೆ? ಕೇಳಿದ್ದನ್ನೆಲ್ಲ ಅದೇ ಮದುವೆಯ ಪತ್ರಿಕೆಯ ಬೆನ್ನಿಗೆ ಬಿಡಿಸಿಕೊಳ್ಳುತ್ತಿದ್ದ. ಗಂಡಸಿಗೊಂದು ಚೌಕ, ಹೆಂಗಸಿಗೊಂದು ಸೊನ್ನೆ, ಮದುವೆಯಾದವರ ಮಧ್ಯೆ ಒಂದು ಗೆರೆ. ಕೈ ತೊಳೆಯುವ ಹೊತ್ತಿಗೆ ಇಡೀ ವಂಶ ಅವನ ಜೇಬಿನಲ್ಲಿರುತ್ತಿತ್ತು.

ಇಲ್ಲೇ ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಹೆಣ್ಣಿನ ದೊಡ್ಡಪ್ಪ ಇವನು ಜಾತಕ ಬರೆಯುತ್ತಿದ್ದಾನೆ ಅಂದುಕೊಂಡು ಭಕ್ತಿಯಿಂದ ಪಕ್ಕಕ್ಕೆ ಬಂದು ಕೂತರಂತೆ. ಯೋಗ ಹೇಗಿದೆ ಸ್ವಾಮಿ, ಅಂತ ಕೇಳಿದರಂತೆ. ಮಾವ ಚೌಕಗಳನ್ನೂ ಸೊನ್ನೆಗಳನ್ನೂ ಇನ್ನೊಮ್ಮೆ ನೋಡಿ, ಈ ಜೋಡಿ ಚೆನ್ನಾಗಿರುತ್ತದೆ, ಹುಟ್ಟುವ ಮಕ್ಕಳ ಕಿವಿ ಮಾತ್ರ ಬೇಗ ತೋರಿಸಿ ಅಂದನಂತೆ. ಧಾರೆಯ ಅಕ್ಕಿ ಇನ್ನೂ ತಲೆಯ ಮೇಲಿರುವಾಗ ಯಾರಾದರೂ ಹೀಗೆ ಹೇಳುತ್ತಾರೆಯೇ? ಆ ಮನೆಯಿಂದ ಎಷ್ಟೋ ವರ್ಷ ಅವನಿಗೆ ಪತ್ರಿಕೆ ಬರಲಿಲ್ಲ.

ಇನ್ನೊಂದು ಕಾಯಿಲೆ ಇತ್ತು ಅವನಿಗೆ. ಹೊತ್ತು ಮುಳುಗುವ ಮುಂಚೆ ಮದುವೆ ಮನೆಯಿಂದ ಮಾಯವಾಗುತ್ತಿದ್ದ. ಎಷ್ಟು ಹಿಡಿದು ನಿಲ್ಲಿಸಿಕೊಂಡರೂ ಕೊನೆ ಬಸ್ಸು, ನಾಳೆ ಪರೀಕ್ಷೆ, ಏನೋ ಒಂದು ನೆಪ. ಒಂದೇ ಒಂದು ಸಲ ಅರಕಲಗೂಡಿನಲ್ಲಿ ಅವನನ್ನು ಆರತಕ್ಷತೆಗೆ ನಿಲ್ಲಿಸಿಕೊಂಡಿದ್ದರು. ಆವತ್ತು ಯಾರದೋ ಸಂಸಾರದ ಹಿಂದೆ ಸಾಲಿನಲ್ಲಿ ಹೋಗಿ, ಯಾರೋ ಅಜ್ಜಿಯ ಹೆಗಲ ಮೇಲೆ ಕೈ ಇಟ್ಟುಕೊಂಡು ಫೋಟೋಕ್ಕೆ ನಿಂತುಬಿಟ್ಟ! ಆ ಮನೆಯ ಆಲ್ಬಮ್ಮಿನಲ್ಲಿ ಇವತ್ತಿಗೂ ಇದ್ದಾನೆ, ಯಾರಿಗೂ ಏನೂ ಆಗದ ನೆಂಟನಾಗಿ. ಹಾಸನದ ಪೇಟೆ ಬೀದಿಯಲ್ಲಿ ಪಕ್ಕದಿಂದ ಕೈ ಮುಗಿದರೆ ತಿರುಗಿ ನೋಡುತ್ತಿರಲಿಲ್ಲ, ಮಬ್ಬಾದರೆ ಎದುರಿನ ಲೈಟುಕಂಬಕ್ಕೆ ದಾರಿ ಬಿಡಿ ಅನ್ನುತ್ತಿದ್ದ. ಮೇಷ್ಟ್ರಿಗೆ ಕೊಬ್ಬು ಅಂದರು ಕೆಲವರು. ಓದಿ ಓದಿ ತಲೆ ಕೆಟ್ಟಿದೆ ಅಂದರು ಉಳಿದವರು.

ಹೀಗೆಲ್ಲ ಆಡಿಕೊಳ್ಳಲು ನಿನಗೇನು ಹಕ್ಕಿದೆ ಅಂತ ನೀವು ಕೇಳಬಹುದು. ಇದೆ. ನಾನು ಅವನ ಹೆಂಡತಿಯಾಗಬೇಕಿತ್ತು!

ನಮ್ಮ ಕಡೆ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತಂತೆ. ಅಜ್ಜಿ ನನಗೆ ಜಡೆ ಹಾಕುವಾಗಲೆಲ್ಲ, ನೆಟ್ಟಗೆ ಕೂತುಕೋ, ನಿನ್ನ ಗಂಡ ಬರುವ ಹೊತ್ತಾಯಿತು ಅನ್ನುತ್ತಿದ್ದಳು. ಅವನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ರಜಕ್ಕೆ ಬಂದರೆ ನನಗೆ ಖಾರಾಬೂಂದಿ ತರುತ್ತಿದ್ದ. ಒಂದು ಸಲ ಯಾರಿಂದಲೋ ಎರವಲು ತಂದ ಸೂಕ್ಷ್ಮದರ್ಶಕವನ್ನು ಜಗಲಿಯ ಮೇಲಿಟ್ಟು ಈರುಳ್ಳಿ ಸಿಪ್ಪೆ ತೋರಿಸಿದ. ಅದರೊಳಗೆ ಇಟ್ಟಿಗೆ ಜೋಡಿಸಿದ ಗೋಡೆ ಕಂಡು ನಾನು ಕಿರುಚಿಕೊಂಡಿದ್ದೆ. ನನಗೆ ಅವನು ಇಷ್ಟವಾಗಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ? ತುಂಬ ಇಷ್ಟವಾಗಿದ್ದ.

ನನ್ನ ಓದು ಮುಗಿದ ವರ್ಷ ಕಟ್ಟಾಯದ ಮನೆಯಲ್ಲಿ ಹಿರಿಯರು ದಿನ ನೋಡಲು ಸೇರಿದರು. ಮಾವ ಜೇಬಿನಿಂದ ಸೀಮೆಸುಣ್ಣ ತೆಗೆದು ಜಗಲಿಯ ಮೇಲೆ ಚೌಕ, ಸೊನ್ನೆ ಬರೆಯತೊಡಗಿದ. ನಮ್ಮಪ್ಪ ನಮ್ಮವ್ವ ಇಬ್ಬರೂ ಸೋದರಮಾವ, ಅಕ್ಕನ ಮಗಳೇ. ಅವರ ಹಿಂದಿನವರೂ ಹಾಗೆಯೇ. ನಮ್ಮ ರಕ್ತದಲ್ಲಿ ಇರುಳುಗಣ್ಣಿದೆ, ಸಂಜೆ ಬಾವಿಗೆ ಬಿದ್ದು ಸತ್ತ ಚಿಕ್ಕತಾತನಿಗೂ ಅದೇ ಇತ್ತು, ಒಳಗೊಳಗೇ ಹೆಣ್ಣು ತಂದರೆ ಅದು ಮಕ್ಕಳಿಗೆ ಬರುತ್ತದೆ ಅಂತ ಪಾಠ ಮಾಡಿದ. ದೊಡ್ಡತಾತ ಎಲೆಅಡಿಕೆ ಉಗಿದು ಬಂದು, “ಕತ್ಲೇಲಿ ಯಾರಿಗ್ಲಾ ಕಾಣ್ತದೆ? ಕಾಣಾಕಿಲ್ಲ ಅಂತಾನೇ ಅಲ್ವಾ ಅದು ಕತ್ಲೆ” ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನನಗೂ ನಗು ಬಂತು.

ಮಾವ ನಗಲಿಲ್ಲ. ಸುಣ್ಣದ ಚೂರು ಕೆಳಗಿಟ್ಟು, “ಅಕ್ಕನ ಮಗಳನ್ನ ನಾನು ಕಟ್ಕಳಲ್ಲ” ಅಂದ.

ಅವ್ವ ಒದ್ದೆ ಬಟ್ಟೆ ತಂದು ಆ ಚೌಕ ಸೊನ್ನೆಗಳನ್ನೆಲ್ಲ ಒರೆಸಿ ಹಾಕಿದಳು. ಆಮೇಲೆ ಎಷ್ಟೋ ವರ್ಷ ತಮ್ಮನ ಜೊತೆ ಮಾತಾಡಲಿಲ್ಲ. ಹುಡುಗಿ ಕಪ್ಪು ಅಂತ ಬೇಡ ಅಂದಿರಬೇಕು, ಕಾಲೇಜಿನಲ್ಲಿ ಯಾರನ್ನೋ ನೋಡಿಕೊಂಡಿರಬೇಕು ಅಂತ ಊರು ತನಗೆ ಬೇಕಾದ ಕತೆ ಕಟ್ಟಿತು. ನಾನು ಕೊಟ್ಟಿಗೆಗೆ ಹೋಗಿ ಅತ್ತೆ. ವರ್ಷ ತಿರುಗುವುದರೊಳಗೆ ನನ್ನನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟರು. ನನ್ನ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು, ನಗುಮುಖದ ಮನುಷ್ಯ. ನನ್ನ ಮದುವೆಗೂ ಮಾವ ಬಂದಿದ್ದ, ಮುಯ್ಯಿ ಹಾಕಿದ. ಅಷ್ಟಕ್ಕೇ ಹೋಗಬಾರದೇ? ಮಂಟಪ ಹತ್ತಿ ನನ್ನ ಯಜಮಾನರ ಕಿವಿಯ ಹತ್ತಿರ ಬಗ್ಗಿ, ನಮಗೂ ನಿಮಗೂ ಯಾವ ಕಡೆಯಿಂದಲೂ ನೆಂಟಸ್ತಿಕೆ ಇಲ್ಲ ತಾನೆ ಅಂತ ಕೇಳಿದ. ಇಲ್ಲ ಸಾರ್ ಅಂದರು ಇವರು. ಆಗ ಅವನ ಮುಖದಲ್ಲಿ ಕಂಡ ಸಂತೋಷ ನನ್ನನ್ನು ಸುಟ್ಟುಬಿಟ್ಟಿತು. ಬೇಡ ಅಂದವನು ಸುಮ್ಮನೆ ಇರಬಹುದಿತ್ತಲ್ಲ, ಸಂತೋಷ ಯಾಕೆ ಪಡಬೇಕು?

ಅದಕ್ಕೆ ಉತ್ತರ ಸಿಕ್ಕಿದ್ದು ಬಹಳ ವರ್ಷದ ಮೇಲೆ, ನನ್ನ ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ. ಮಾವ ಏನೋ ಕೆಲಸಕ್ಕೆ ನಮ್ಮ ಊರಿಗೆ ಬಂದಿದ್ದ. ಬಸ್ಸು ಕೆಟ್ಟು ಹೊತ್ತು ಮೀರಿತ್ತು. ಮುಸ್ಸಂಜೆ. ನಾನು ಜಗಲಿಯಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ಗೇಟು ಪೂರಾ ತೆರೆದಿತ್ತು, ಮೇಲೆ ಬಲ್ಬು ಉರಿಯುತ್ತಿತ್ತು. ಮಾವ ಗೇಟಿನ ಪಕ್ಕದ ಗೋಡೆಯನ್ನು ಎರಡೂ ಕೈಯಲ್ಲಿ ಸವರುತ್ತಾ ಗೇಟು ಹುಡುಕುತ್ತಿದ್ದ. ನಾನು ಓಡಿಹೋಗಿ ಅವನ ಕೈ ಹಿಡಿದುಕೊಂಡು ಒಳಗೆ ಕರೆತಂದೆ.

ಕಾಫಿ ಕುಡಿಯುತ್ತಾ ಎಲ್ಲ ಹೇಳಿದ. ಮೈಸೂರಿನಲ್ಲಿ ಓದುವಾಗಲೇ ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಮೊದಲು ಸಂಜೆಗತ್ತಲು, ಆಮೇಲೆ ಅಕ್ಕಪಕ್ಕ, ಕೊನೆಗೆ ನಟ್ಟನಡುವಿನದು, ಹೀಗೆ ಒಂದೊಂದೇ ಹೋಗುತ್ತದೆ. ಔಷಧಿಯಿಲ್ಲ. ಈಗ ಮಧ್ಯದಲ್ಲಿ ಒಂದು ಬಟ್ಟಲಿನಗಲ ಕಾಣುತ್ತದೆ, ಅದರಲ್ಲೇ ಪಾಠ ಮಾಡುತ್ತಿದ್ದೇನೆ ಅಂದ. ಅರಕಲಗೂಡಿನ ಅಜ್ಜಿ, ಹಾಸನದ ಲೈಟುಕಂಬ, ಕೊನೆ ಬಸ್ಸು, ನಾವು ಇಷ್ಟು ವರ್ಷ ನಕ್ಕಿದ್ದೆಲ್ಲ ಒಂದೊಂದಾಗಿ ನನ್ನ ಎದುರು ಬಂದು ನಿಂತಿತು.

ಆವತ್ತು ಜಗಲಿಯ ಮೇಲೆ ಚಿಕ್ಕತಾತನ ಕಣ್ಣಿನ ಮಾತು ಆಡಿದೆ, ನಿನ್ನ ಕಣ್ಣಿನ ಮಾತು ಯಾಕೆ ಆಡಲಿಲ್ಲ ಅಂತ ಕೇಳಿದೆ.

“ಹೇಳಿದ್ರೆ ಮಿಕ್ಕೋರೆಲ್ಲ ಬ್ಯಾಡ ಅಂತಿದ್ರು” ಅಂದ ಮಾವ. “ನೀನು ಪರ್ವಾಗಿಲ್ಲ ಅಂತಿದ್ದೆ ಕಣವ್ವ. ಅದ್ಕೇ ಹೇಳ್ಲಿಲ್ಲ.”

ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಮಾರನೆಯ ವಾರವೇ ಅವ್ವನಿಗೆ ಹೇಳಿದೆ. ಅವಳು ಬಸ್ಸು ಹತ್ತಿ ಹೊಳೆನರಸೀಪುರಕ್ಕೆ ಹೋಗಿ ತಮ್ಮನ ಬಾಡಿಗೆ ಮನೆಯಲ್ಲಿ ಅಡುಗೆ ಮಾಡಿಟ್ಟು, ಪಾತ್ರೆಯೆಲ್ಲ ಬೆಳಗಿ ವಾಪಸು ಬಂದಳು.

ಇನ್ನು ಮಾವನ ಹುಚ್ಚಿನ ಕತೆಗೆ ಬರುತ್ತೇನೆ. ಬೆಂಗಳೂರಿನ ಕಣ್ಣಾಸ್ಪತ್ರೆಯ ಡಾಕ್ಟರೊಬ್ಬರು ಅವನಿಗೆ ಹೇಳಿದ್ದರಂತೆ, ಇಂಥ ಕಾಯಿಲೆಯ ಜಾಡು ಹಿಡಿಯಲು ಜೀವಶಾಸ್ತ್ರವೂ ಗೊತ್ತಿರುವ, ಕಂಪ್ಯೂಟರೂ ಗೊತ್ತಿರುವ ಹುಡುಗರು ಬೇಕು, ಅಂಥವರು ಎಲ್ಲಿದ್ದಾರೆ ಅಂತ. ನಮ್ಮ ಕಡೆ ಇರಲಿಲ್ಲ. ಕಪ್ಪೆ ಕೊಯ್ಯುವವರಿಗೆ ಕಂಪ್ಯೂಟರಿನ ಭಯ, ಕಂಪ್ಯೂಟರಿನವರಿಗೆ ಕಪ್ಪೆಯ ಅಸಹ್ಯ. ಮಾವ ತೀರ್ಮಾನ ಮಾಡಿಬಿಟ್ಟ. ಪ್ರತಿ ಬೇಸಿಗೆ ರಜದಲ್ಲಿ ನಾಲ್ಕೂ ತಾಲ್ಲೂಕಿನ ಕಾಲೇಜುಗಳಿಂದ ಬಿ.ಎಸ್ಸಿ. ಹುಡುಗರನ್ನೂ ಇಂಜಿನಿಯರಿಂಗ್ ಹುಡುಗರನ್ನೂ ಒಟ್ಟಿಗೆ ಕೂರಿಸಿ ಸಂಶೋಧನೆ ಮಾಡುವುದು ಹೇಗೆ ಅಂತ ಕಲಿಸಬೇಕು. ಊಟ, ವಸತಿ, ಕೈಖರ್ಚು ಎಲ್ಲ ಕೊಟ್ಟು. ಇಲ್ಲದಿದ್ದರೆ ರಜದಲ್ಲಿ ಅವರು ಹೊಲದ ಕೆಲಸಕ್ಕೋ ಅಂಗಡಿ ಕೆಲಸಕ್ಕೋ ಹೋಗಲೇಬೇಕಲ್ಲ. ನನಗೆ ಕಾಣುವಾಗಲೇ ಅವರಿಗೆ ತೋರಿಸಿಬಿಡಬೇಕು ಮಗ ಅನ್ನುತ್ತಿದ್ದ. ಆ ಬಟ್ಟಲಿನಗಲ ವರ್ಷ ವರ್ಷಕ್ಕೂ ಸಣ್ಣದಾಗುತ್ತಿತ್ತು. ಅವನ ಅವಸರ ನಮಗೆ ಮಾತ್ರ ಗೊತ್ತಿತ್ತು.

ದುಡ್ಡು ಯಾರು ಕೊಡಬೇಕು? ಮೊದಲು ದೆಹಲಿಯ ಇಲಾಖೆಯೊಂದಕ್ಕೆ ಬರೆದ. ನಿಮ್ಮ ಸಂಸ್ಥೆಯಲ್ಲಿ ಹವಾನಿಯಂತ್ರಿತ ಪ್ರಯೋಗಾಲಯ ಇದೆಯೇ ಅಂತ ಅವರು ಕೇಳಿದರು. ಕಾಲೇಜು ಹೇಮಾವತಿ ಹೊಳೆಯ ಪಕ್ಕದಲ್ಲಿದೆ, ಗಾಳಿ ಚೆನ್ನಾಗಿ ಬೀಸುತ್ತದೆ ಅಂತ ಇವನು ಉತ್ತರ ಕೊಟ್ಟ! ಅಲ್ಲಿಗೆ ದೆಹಲಿ ಮುಗಿಯಿತು. ನಮ್ಮೂರಿನ ತೆಂಗಿನಕಾಯಿ ಮಂಡಿಯವರೊಬ್ಬರು ಕೊಡುತ್ತೇನೆ ಅಂದರು, ಆದರೆ ಪ್ರತಿ ಸೂಕ್ಷ್ಮದರ್ಶಕದ ಮೇಲೂ ತಮ್ಮ ತಂದೆಯ ಹೆಸರು ಬರೆಸಬೇಕಂತೆ. ಬರೆಸಬಹುದು, ಓದಲು ಇನ್ನೊಂದು ಸೂಕ್ಷ್ಮದರ್ಶಕ ಬೇಕಾಗುತ್ತದೆ ಅಂದ ಮಾವ. ಅಲ್ಲಿಗೆ ಅದೂ ಮುಗಿಯಿತು. ಹಾಸನದ ಆಲೂಗಡ್ಡೆ ವ್ಯಾಪಾರಿಯೊಬ್ಬರು ದೂರದ ನೆಂಟರು. ಮೂರು ಹೆಣ್ಣುಮಕ್ಕಳ ಮದುವೆಗೂ ಮಾವನ ಕೈಯಿಂದ ಮುಯ್ಯಿ ತೆಗೆದುಕೊಂಡವರು. ಅವರು ಪೂರ್ತಿ ಕೇಳಿಸಿಕೊಂಡು, “ಆಲೂಗಡ್ಡೆ ಅಂಗಮಾರಿ ರೋಗ ಹೋಗ್ಸೋದು ಕಲಿಸ್ತೀಯಾ ಮೇಷ್ಟ್ರೇ? ಕಲಿಸೋ ಅಂಗಿದ್ರೆ ಹೇಳು, ಕಣ್ಣು ಕಿವಿ ಎಲ್ಲ ನಂಗ್ಯಾಕೆ” ಅಂದರಂತೆ.

ಮಾವ ಅಲ್ಲಿಂದ ಸೀದಾ ನಮ್ಮ ಮನೆಗೆ ಬಂದ. ಮುಖ ಸಣ್ಣದಾಗಿರುತ್ತದೆ ಅಂದುಕೊಂಡರೆ ನಗುತ್ತಿದ್ದಾನೆ. ಯಜಮಾನರ ಎದುರು ಕೂತು ಲೆಕ್ಕಾಚಾರ ಮುಂದಿಟ್ಟ. ನಮ್ಮ ಕಡೆಯ ಮುಯ್ಯಿ ಅಂದರೆ ನಿಮಗೆ ಗೊತ್ತಿರಬೇಕಲ್ಲ. ನನ್ನ ಮನೆಯ ಮದುವೆಗೆ ನೀವು ಏನು ಹಾಕುತ್ತೀರೋ ಅದನ್ನು ನಿಮ್ಮ ಮನೆಯ ಮದುವೆಗೆ ನಾನು ಮರೆಯದೆ ವಾಪಸು ಹಾಕಬೇಕು. ಚಂದಾ ಕೊಡದೆ ತಪ್ಪಿಸಿಕೊಂಡವರು ಊರಿಗೆ ಎಷ್ಟೋ ಜನ. ಮುಯ್ಯಿ ತಪ್ಪಿಸಿದವರು ಮಾತ್ರ ನಾಳೆ ನಾಲ್ಕು ಜನರ ಎದುರು ತಲೆ ಎತ್ತುವ ಹಾಗಿಲ್ಲ.

“ಊರೋರ ಮದ್ವೆಗೆಲ್ಲ ಮುಯ್ಯಿ ಆಕಿದೀನಿ. ನನ್ ಮದ್ವೆ ಆಗ್ಲಿಲ್ಲ, ನಂಗೆ ಮಕ್ಳಿಲ್ಲ” ಅಂದ. “ವಾಪಸ್ ಬರೋಕೆ ಒಂದು ಮದ್ವೆ ಬೇಡ್ವಾ ನಂಗೆ?”

ನಮ್ಮ ಯಜಮಾನರು ಬ್ಯಾಂಕಿನವರಲ್ಲವೇ, ಇದು ನ್ಯಾಯವೇ ಅಂದುಬಿಟ್ಟರು. ಹುಟ್ಟಿದ್ದು ಹೀಗೆ ಆ ಲಗ್ನಪತ್ರಿಕೆ.

ಕಲ್ಯಾಣ ಮಂಟಪದವರು ಮಾವನ ಹಳೆಯ ಶಿಷ್ಯರು. ಒಂದು ಷರತ್ತು ಹಾಕಿದ್ದರು. ನಿಜವಾದ ಮದುವೆ ಇದ್ದ ದಿನ ಹುಡುಗರು ಕಂಪ್ಯೂಟರು ಹೊತ್ತುಕೊಂಡು ಮಹಡಿಗೆ ಹೋಗಬೇಕು. ಆ ದಿನಗಳಲ್ಲಿ ಊಟ ಕೆಳಗೇ ಆಗುತ್ತಿತ್ತು, ಗಂಡಿನ ಕಡೆಯವರು ಇವರನ್ನು ಹೆಣ್ಣಿನ ಕಡೆಯವರು ಅಂತಲೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ಅಂತಲೂ ಉಪಚಾರ ಮಾಡುತ್ತಿದ್ದರು.

ಮೊದಲ ದಿನ ನೆಂಟರು ಬಂದರು ನೋಡಿ! ಬೈಯುತ್ತಾ ಬಂದರು, ಗೊಣಗುತ್ತಾ ಬಂದರು, ಆದರೆ ಬಂದರು. ಬಾಗಿಲಲ್ಲಿ ವಾಲಗ. ಮುಯ್ಯಿ ಮೇಜಿನ ಹಿಂದೆ ನನ್ನ ಯಜಮಾನರು. ಆಲೂಗಡ್ಡೆ ವ್ಯಾಪಾರಿ ಪಂಚೆ ಎತ್ತಿಕೊಂಡು ಬಂದು, ಮೂರು ಹೆಣ್ಣುಮಕ್ಕಳ ಮುಯ್ಯಿಯನ್ನೂ ಒಟ್ಟಿಗೆ ಇಟ್ಟು, ಮೇಷ್ಟ್ರು ಬಲು ಪಾಕಡಾ ಕಣ್ರೀ ಅಂತ ಹೇಳಿ ಊಟಕ್ಕೆ ಹೋದರು. ಮೊಸಳೆ ಅನ್ನುವ ಹಳ್ಳಿಯಿಂದ ಬಂದಿದ್ದ ಒಬ್ಬ ದೂರದ ಅಜ್ಜಿಗೆ ಪತ್ರಿಕೆ ಓದಿ ಹೇಳಿದವರು ಯಾರೋ ಅರ್ಧಕ್ಕೇ ನಿಲ್ಲಿಸಿದ್ದರಂತೆ. ಪಾಪದ ಮುದುಕಿ, ಕೊನೆಗೂ ಮೇಷ್ಟ್ರಿಗೆ ಹೆಣ್ಣು ಸಿಕ್ಕಿತು ಅಂತ ಸೀರೆ, ಬಳೆ, ಹೂವು ತಂದಿದ್ದಳು. ಹೆಣ್ಣು ಎಲ್ಲಿ ಅಂತ ಕೇಳಿದಳು. ಮಾವ ಅವಳ ಕೈ ಹಿಡಿದು ಬಾಡಿಗೆಗೆ ತಂದಿದ್ದ ಕಂಪ್ಯೂಟರುಗಳ ಮುಂದೆ ನಿಲ್ಲಿಸಿದ. ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊದಲನೆಯದಕ್ಕೆ ಕುಂಕುಮ ಇಟ್ಟು ಹೂ ಮುಡಿಸಿ, ಸೀರೆಯನ್ನು ಅದರ ಮುಂದಿಟ್ಟು ಕಣ್ಣೊರೆಸಿಕೊಂಡಳು.

ಅವ್ವನೂ ಬಂದಿದ್ದಳು. ತಮ್ಮನ ಮದುವೆಗೆಂದು ಎತ್ತಿಟ್ಟಿದ್ದ ಜರಿ ಪೇಟ ಅವಳ ಟ್ರಂಕಿನಲ್ಲಿ ಅಷ್ಟು ವರ್ಷದಿಂದ ಹಾಗೇ ಇತ್ತು. ಮಾವ ಪಾಠ ಶುರುಮಾಡಲು ಮಂಟಪದ ಮೇಲೆ ಹತ್ತುತ್ತಿದ್ದಾಗ ತಡೆದು, ಮಕ್ಕಳೆಲ್ಲ ನೋಡುತ್ತಿರುವ ಹಾಗೆಯೇ ಅದನ್ನು ಅವನ ತಲೆಗೆ ಸುತ್ತಿದಳು. ಮಾವ ಪೇಟ ಕಟ್ಟಿಕೊಂಡೇ ಜೀವಕೋಶದ ಪಾಠ ಮಾಡಿದ. ಅವನನ್ನು ಹಾಗೆ ನೋಡುವ ಆಸೆ ನನಗೆ ಒಂದು ಕಾಲದಲ್ಲಿ ಎಷ್ಟಿತ್ತು! ಅವತ್ತು ನೋಡಿದೆ. ನೋಡಲಾರದೆ ಅಡುಗೆಮನೆಗೆ ಹೋಗಿ ಹಪ್ಪಳ ಕರಿಯುವವರ ಪಕ್ಕದಲ್ಲಿ ನಿಂತುಕೊಂಡೆ.

ಶಿಬಿರ ವರ್ಷ ಬಿಡದೆ ನಡೆಯಿತು. ಕಲಿತು ಹೋದ ಹುಡುಗರು ತಮ್ಮ ಮದುವೆಯ ಮುಯ್ಯಿಯಲ್ಲಿ ಒಂದು ಪಾಲು ಮಾವನಿಗೆ ತಂದುಕೊಡುವ ಪದ್ಧತಿ ತಾನಾಗಿಯೇ ಬೆಳೆಯಿತು. ಬೀದಿಗೆಲ್ಲ ಇದ್ದ ಒಂದೇ ಫೋನಿನ ಲೈನು ಇಡೀ ದಿನ ಇಂಟರ್ನೆಟ್ಟಿಗೆ ಸಿಕ್ಕಿಹಾಕಿಕೊಂಡು ಅಕ್ಕಪಕ್ಕದವರು ಶಾಪ ಹಾಕುತ್ತಿದ್ದರು. ಒಬ್ಬ ಹುಡುಗಿ ಇಲಿಯ ಜೀನನ್ನೂ ಮನುಷ್ಯನ ಜೀನನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ, ಇಷ್ಟೊಂದು ಒಂದೇ ಥರ ಇದೆಯಲ್ಲ ಸಾರ್ ಅಂತ ಗಾಬರಿಯಾದಾಗ, ನಮ್ಮ ನೆಂಟರನ್ನು ನೋಡಿದ ನನಗೆ ಆಶ್ಚರ್ಯ ಇಲ್ಲ ಅಂದ ಮಾವ. ಇಂಜಿನಿಯರಿಂಗ್ ಹುಡುಗರು ಅವನಿಗೊಂದು ಕೋಲು ಮಾಡಿಕೊಟ್ಟರು. ಎದುರಿಗೆ ಏನಾದರೂ ಅಡ್ಡ ಬಂದರೆ ಅದು ಪೀಂಗುಡುತ್ತಿತ್ತು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಅದು ಬಾಯಿ ಮುಚ್ಚಲೇ ಇಲ್ಲ! ಜನ ಬಸ್ಸು ಬಂತು ಅಂತ ಎದ್ದು ನಿಂತರು. ಮಾವ ಹೆಮ್ಮೆಯಿಂದ ಅದನ್ನು ಎಲ್ಲ ಕಡೆಗೂ ತಿರುಗಿಸಿ ತೋರಿಸಿದ. ಆ ಹೊತ್ತಿಗೆ ಅವನಿಗೆ ಆ ಕೋಲು ತಮಾಷೆಗಲ್ಲ, ನಿಜವಾಗಿಯೂ ಬೇಕಾಗಿತ್ತು. ಒಂದು ಬೇಸಿಗೆ ಸೂಕ್ಷ್ಮದರ್ಶಕದ ಹತ್ತಿರ ಕೂತವನು ಬಹಳ ಹೊತ್ತು ಹೊಂದಿಸಿ ಹೊಂದಿಸಿ, ಕೊನೆಗೆ ಪಕ್ಕದ ಹುಡುಗನನ್ನು, ನಿನಗೆ ಏನು ಕಾಣುತ್ತಿದೆ ಹೇಳಪ್ಪ ಅಂತ ಕೇಳಿದ. ಅಲ್ಲಿಂದಾಚೆ ಎಲ್ಲವನ್ನೂ ಕೇಳಿಯೇ ತಿಳಿದುಕೊಂಡ.

ನನ್ನ ಮಗಳು ಪಿಯುಸಿಗೆ ಬಂದ ವರ್ಷ, ಚಿಕ್ಕವಳಾದರೂ ಹಟ ಮಾಡಿ ಶಿಬಿರ ಸೇರಿಕೊಂಡಳು. ಕೊನೆಯ ದಿನ ಪ್ರತಿಯೊಬ್ಬರೂ ತಮ್ಮ ತಮ್ಮ ವಂಶದ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡಿ ಗೋಡೆಗೆ ಅಂಟಿಸಬೇಕಿತ್ತು. ಅವಳು ಕಟ್ಟಾಯದ ನಮ್ಮ ಮನೆಯದನ್ನು ಮಾಡಿದ್ದಳು. ಕಣ್ಣು ಹೋದವರ ಚೌಕಗಳಿಗೆ ಕಪ್ಪು ತುಂಬಿತ್ತು. ಮಾವ ಅವಳನ್ನು ಕರೆದು, ನಂದೂ ನಿಮ್ಮವ್ವಂದೂ ಎಲ್ಲಿದೆ ತೋರಿಸು ಅಂದ. ಅವಳು ಅವನ ಬೆರಳು ಹಿಡಿದು ಕಪ್ಪು ಚೌಕದ ಮೇಲಿಟ್ಟಳು. ಅಲ್ಲಿಂದ ಕೆಳಗಿನ ಸೊನ್ನೆಯ ಮೇಲಿಟ್ಟಳು. ಮಾವ ಆ ಚೌಕದಿಂದ ಸೊನ್ನೆಗೆ ನಿಧಾನವಾಗಿ ಬೆರಳು ಎಳೆದು, ಈ ಮಧ್ಯೆ ಗೆರೆ ಇದೆಯಾ ಅಂತ ಕೇಳಿದ. ಇಲ್ಲ ತಾತ ಅಂದಳು.

ಅಷ್ಟರಲ್ಲಿ ಕರೆಂಟು ಹೋಯಿತು. ಹೊರಗೂ ಕತ್ತಲಾಗುತ್ತಿತ್ತು. ಹುಡುಗರೆಲ್ಲ ಹೋ ಅಂತ ಕೂಗಿದರು. ಮಗಳು ಅವನ ಕೈ ಹಿಡಿದುಕೊಂಡು ಕುರ್ಚಿಗಳನ್ನು ಬಳಸಿ, ಬಾಗಿಲು ದಾಟಿ, ಮೆಟ್ಟಿಲು ಇಳಿಸಿದಳು. ನಾನು ಹಿಂದೆಯೇ ಇದ್ದೆ. ಕೊನೆಯ ಮೆಟ್ಟಿಲಲ್ಲಿ ಮಾವ ನಿಂತ.

“ಕರೆಂಟ್ ಬಂತಾ ಮಗ?”

“ಇಲ್ಲ ತಾತ.”

“ಮತ್ತೆ ನಿಂಗೆ ಕಾಣ್ತದಾ?”

“ಕಾಣ್ತದೆ. ನಿನ್ ಚಪ್ಲಿ ಅಲ್ಲಿ ಕಂಬದ ಮಗ್ಗುಲಲ್ಲೈತೆ, ನಿಂತ್ಕೊ, ತತ್ತೀನಿ” ಅಂತ ಅವಳು ಹೋದಳು. ರಾಶಿ ಬಿದ್ದಿದ್ದ ಚಪ್ಪಲಿಗಳ ಮಧ್ಯೆ ಅವನದೇ ಜೋಡಿ ಹುಡುಕಿ ತಂದು ಕಾಲ ಬಳಿ ಇಟ್ಟಳು.

ನಾನು ಉಸಿರೆತ್ತಿರಲಿಲ್ಲ. ಆದರೂ ಮಾವ ನಾನಿದ್ದ ಕಡೆಗೇ ಮುಖ ತಿರುಗಿಸಿ, “ನನ್ ಮುಯ್ಯಿ ಬಂತು ಕಣವ್ವ” ಅಂದ.

ನಾನು ಅಳುತ್ತಿದ್ದೆ. ಹೇಗಿದ್ದರೂ ಅವನಿಗೆ ಕಾಣುವುದಿಲ್ಲವಲ್ಲ ಅಂತ ಕಣ್ಣು ಒರೆಸಿಕೊಳ್ಳಲೂ ಇಲ್ಲ.